ಮರಳುಗಾಡಿಗೆ ಬಂದ ಇಂಗ್ಲೆಂಡಿನ ಜಲ್ಲಿ

ಮನೆಯಲ್ಲಿ ಬೀಸುಕಲ್ಲು ಬಳಸಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ಬೀಸಿದರೆ ಕಲ್ಲು ನುಣ್ಣಗಾಗುತ್ತದೆ. ರಾಗಿ ಸುಮ್ನೆ ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಉಳಿ ಸುತ್ತಿಗೆ ತಂದು ಕಲ್ಲಿಗೆ ಮತ್ತೆ ಕಚ್ಚು ಹಾಕಿಸಬೇಕು. ಕಾರ್ ರೇಸ್ ಟ್ರ್ಯಾಕ್‌ನ ಕಥೆಯೂ ಇದೇ. ವ್ಯತ್ಯಾಸ ಇಷ್ಟೇ, ಐದು ಕಿಲೋಮೀಟರ್ ಉದ್ದದ ರಸ್ತೆಗೆ ಯಾರೂ ಉಳಿ ಹಿಡಿದು ಕಚ್ಚು ಹಾಕುತ್ತಾ ಕೂರಲು ಆಗುವುದಿಲ್ಲ. ತಾನಾಗಿಯೇ ಕಚ್ಚು ಉಳಿಸಿಕೊಳ್ಳುವ ಕಲ್ಲು ಬೇಕು.

ಬಹರೈನ್ ದ್ವೀಪದ ಸಖೀರ್‌ನಲ್ಲಿರುವ ಟ್ರ್ಯಾಕ್ ನನಗೆ ಇಷ್ಟವಾಗುವುದು ಈ ಕಲ್ಲಿನಿಂದಾಗಿ. ಸುತ್ತ ಮರಳು. ಹತ್ತಿರದಲ್ಲೇ ಜಬಲ್ ದುಖಾನ್ ಎಂಬ ಗುಡ್ಡ. 1932ರಲ್ಲಿ ಅದರ ಬುಡದಲ್ಲಿ ಎಣ್ಣೆ ಸಿಕ್ಕಿ ಆ ನಾಡಿನ ಬದುಕೇ ಬದಲಾಯಿತು. ಟ್ರ್ಯಾಕ್ ಕೆಲಸ ಶುರುವಾದದ್ದು 2002ರಲ್ಲಿ. ನಕ್ಷೆ ಜರ್ಮನಿಯ ಹರ್ಮನ್ ಟಿಲ್ಕೆ ಅವರದು. 2004ರ ಏಪ್ರಿಲ್ 4ರಂದು ಮೊದಲ ಫಾರ್ಮುಲಾ ಒನ್ ರೇಸ್ ನಡೆಯಿತು. ಮಧ್ಯಪ್ರಾಚ್ಯದಲ್ಲಿ ಫಾರ್ಮುಲಾ ಒನ್ ಓಡಿದ್ದು ಅದೇ ಮೊದಲು. ಗೆದ್ದವರು ಫೆರಾರಿಯ ಮೈಕೆಲ್ ಷೂಮಾಕರ್.

ಬಹರೈನ್‌ನಲ್ಲಿ ಕಲ್ಲಿಗೆ ಬರವಿಲ್ಲ. ಆದರೆ ಅದು ಹೆಚ್ಚಾಗಿ ಸುಣ್ಣದಕಲ್ಲು. ಮೃದು, ಅದೂ ಬಹುಪಾಲು ಒಂದೇ ಖನಿಜದ್ದು. ಟಯರ್ ಉಜ್ಜಿದ ಹಾಗೆಲ್ಲ ಎಲ್ಲ ಕಡೆ ಒಂದೇ ಸಮ ಸವೆದು ಹೊಳಪಾಗಿಬಿಡುತ್ತದೆ. ಹೀಗಾಗಿ ಟ್ರ್ಯಾಕ್‌ನ ಮೇಲ್ಪದರಕ್ಕೆ ಬೇಕಾದ ಜಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನಿಂದ ಬಂತು. ಅಲ್ಲಿನ ಬೇಸ್ಟನ್ ಹಿಲ್ ಕ್ವಾರಿಯ ಕಲ್ಲು ಹಡಗೇರಿ ಮರಳುಗಾಡು ಸೇರಿತು.

ಆ ಕಲ್ಲಿನ ಹೆಸರು ಗ್ರೇವ್ಯಾಕ್. ಒಡೆದ ಒಂದು ಚೂರನ್ನು ಕಣ್ಣಿನ ಹತ್ತಿರ ಹಿಡಿದರೆ ಬೂದು ಬಣ್ಣದ ಗಟ್ಟಿ ಮಣ್ಣಿನಲ್ಲಿ ಸಣ್ಣ ಸಣ್ಣ ಕಾಳುಗಳು ಹೂತಿರುವುದು ಕಾಣುತ್ತದೆ. ಕೆಲವು ಬೆಣಚುಕಲ್ಲಿನ ಕಾಳು, ತುಂಬಾ ಗಟ್ಟಿ. ಕೆಲವು ಮೆದು. ಇವನ್ನು ಹಿಡಿದಿಟ್ಟ ಅಂಟುಮಣ್ಣು ಇನ್ನೂ ಮೆದು. ಟಯರ್ ಉಜ್ಜಿದಾಗ ಮೆದುವಾದದ್ದು ಮೊದಲು ಸವೆಯುತ್ತದೆ, ಗಟ್ಟಿ ಕಾಳು ಮೇಲೆ ಚಾಚಿ ನಿಲ್ಲುತ್ತದೆ. ಕೊನೆಗೆ ಅದೂ ಕಿತ್ತು ಹೋಗುತ್ತದೆ. ಅಷ್ಟರಲ್ಲಿ ಅದರಡಿಯ ಹೊಸ ಕಾಳು ಹೊರಗೆ ಬಂದಿರುತ್ತದೆ. ಅಂದರೆ ಈ ಕಲ್ಲು ತನಗೆ ತಾನೇ ಕಚ್ಚು ಹಾಕಿಕೊಳ್ಳುತ್ತದೆ. ಸವೆದಷ್ಟೂ ಒರಟು! ಇನ್ನೊಂದು ಸೋಜಿಗವಿದೆ. ಗ್ರೇವ್ಯಾಕ್ ಕೂಡ ಒಂದು ಕಾಲದಲ್ಲಿ ಮರಳೇ. ಸುಮಾರು 55 ಕೋಟಿ ವರ್ಷಗಳ ಹಿಂದೆ ನೀರಿನಡಿ ಕೂತು ಒತ್ತಡಕ್ಕೆ ಸಿಕ್ಕಿ ಕಲ್ಲಾದ ಮರಳು. ಈಗ ಅದು ಮತ್ತೆ ಮರಳಿನ ನಡುವೆ ಬಂದು ಮಲಗಿದೆ. ಆಮೇಲೆ ಅಬುಧಾಬಿಯ ಯಾಸ್ ಮರೀನಾ ಟ್ರ್ಯಾಕ್‌ಗೂ ಇದೇ ಕಲ್ಲು ಹೋಯಿತು.

ಟಯರ್ ನೆಲವನ್ನು ಹಿಡಿಯುವುದು ಹೇಗೆ? ಬಿಸಿಯಾದ ರಬ್ಬರ್ ಕಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು ತಗ್ಗುಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಇವೆರಡರ ನಡುವೆ ಮರಳು ಬಂದರೆ ಹಿಡಿತ ಹೋಯಿತು ಅಂತಲೇ ಲೆಕ್ಕ. ಕೇರಂ ಬೋರ್ಡಿನ ಮೇಲೆ ಪೌಡರ್ ಉದುರಿಸಿದಾಗ ಸ್ಟ್ರೈಕರ್ ಹೇಗೆ ಜಾರುತ್ತದೆ ನೋಡಿದ್ದೀರಿ, ಅಲ್ವಾ? ಇಲ್ಲೂ ಹಾಗೆಯೇ. ಅದಕ್ಕೇ ಟ್ರ್ಯಾಕ್ ಸುತ್ತಲಿನ ಮರಳಿನ ಮೇಲೆ ಅಂಟು ಸಿಂಪಡಿಸಿ ಅದು ಹಾರದ ಹಾಗೆ ಮಾಡಿದರು. ಆದರೂ ಗಾಳಿ ಎಲ್ಲಿ ಬಿಡುತ್ತದೆ? ರಾತ್ರಿ ಬೆಳಗಾಗುವುದರಲ್ಲಿ ತೆಳುವಾಗಿ ಮರಳು ಹಾಸಿರುತ್ತದೆ. ಕಾರುಗಳು ಓಡಿದ ಜಾಡು ಮಾತ್ರ ಶುಚಿಯಾಗುತ್ತದೆ. ಅದರಿಂದ ಸ್ವಲ್ಪ ಆಚೆ ಹೋದವರ ಕಾರು ಜಾರುತ್ತದೆ. ಒರಟು ಕಲ್ಲಿಗೆ ಟಯರ್ ಕೂಡ ಬೇಗ ಸವೆಯುತ್ತದೆ. ನಿಧಾನ ತಿರುವಿನಿಂದ ಹೊರಬಂದು ಒಮ್ಮೆಲೇ ವೇಗ ಹೆಚ್ಚಿಸುವ ಜಾಗಗಳು ಇಲ್ಲಿ ಜಾಸ್ತಿ. ಹಾಗಾಗಿ ಪೆಟ್ಟು ಬೀಳುವುದು ಹಿಂದಿನ ಟಯರ್‌ಗಳಿಗೆ.

2010ರಲ್ಲಿ ಟ್ರ್ಯಾಕನ್ನು 6.299 ಕಿ.ಮೀ.ಗೆ ಹಿಗ್ಗಿಸಿದರು. ಸೇರಿಸಿದ ಭಾಗ ಕುಲುಕಾಟದ್ದು, ರೇಸೂ ಸಪ್ಪೆಯಾಯಿತು. ಅದನ್ನು ಅಲ್ಲಿಗೇ ಬಿಟ್ಟರು. 2011ರಲ್ಲಿ ರೇಸೇ ನಡೆಯಲಿಲ್ಲ. ಜನ ಬೀದಿಗಿಳಿದು ಆಳುವವರನ್ನು ಪ್ರಶ್ನಿಸಿದರು, ಪ್ರಾಣಗಳೂ ಹೋದವು. 2012ರಲ್ಲಿ ಪ್ರತಿಭಟನೆಗಳ ನಡುವೆಯೇ ಮತ್ತೆ ರೇಸ್ ನಡೆಸಿದರು. ಈ ಟ್ರ್ಯಾಕ್‌ನ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

2014ರಲ್ಲಿ ದೀಪಗಳು ಬಂದವು, ರೇಸ್ ಸಂಜೆಗೆ ಹೋಯಿತು. ಮರ್ಸಿಡಿಸ್ ತಂಡದ ಇಬ್ಬರು ಚಾಲಕರಾದ ಹ್ಯಾಮಿಲ್ಟನ್, ರೋಸ್‌ಬರ್ಗ್ ಜಿದ್ದಾಜಿದ್ದಿ ಇಂದಿಗೂ ಮಾತಿಗೆ ಬರುತ್ತದೆ. ಅಂದು ಮೂರನೆಯವರಾಗಿ ಬಂದ ಸರ್ಜಿಯೋ ಪೆರೆಜ್ ಓಡಿಸಿದ್ದು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾ ಕಾರು.

2020ರ ನವೆಂಬರ್ 29. ಮೊದಲ ಸುತ್ತಿನಲ್ಲೇ, ಮೂರನೇ ತಿರುವಿನ ನಂತರ ರೋಮೇನ್ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿ.ಮೀ. ವೇಗದಲ್ಲಿ ಕಬ್ಬಿಣದ ತಡೆಗೋಡೆಗೆ ನುಗ್ಗಿತು. ಕಾರು ಎರಡು ಹೋಳಾಯಿತು, ಬೆಂಕಿ ಎದ್ದಿತು. ದೇಹದ ಮೇಲೆ ಬಿದ್ದ ಬಲ ಗುರುತ್ವದ 67 ಪಟ್ಟು. ತಲೆಯ ಸುತ್ತ ಕಮಾನಿನಂತಿರುವ ಟೈಟಾನಿಯಂನ ಹೇಲೋ ತಡೆಗೋಡೆಯನ್ನು ತಳ್ಳಿ ತಲೆ ಕಾಪಾಡಿತು. 27 ಸೆಕೆಂಡಿನಲ್ಲಿ ಅವರು ಬೆಂಕಿಯೊಳಗಿನಿಂದ ತಾವೇ ಎದ್ದು ಬಂದರು. ಕೈ ಸುಟ್ಟಿತ್ತು, ಜೀವ ಉಳಿದಿತ್ತು.

ಒಂದು ವಾರ ಕಳೆದು ಅಲ್ಲೇ 3.543 ಕಿ.ಮೀ.ನ ಹೊರಸುತ್ತಿನಲ್ಲಿ ಇನ್ನೊಂದು ರೇಸ್ ನಡೆಯಿತು. ಯಾರು ಮುಂದೆ ನಿಲ್ಲಬೇಕೆಂದು ತೀರ್ಮಾನಿಸುವ ಅರ್ಹತಾ ಓಟದಲ್ಲಿ ಮರ್ಸಿಡಿಸ್‌ನ ಬೊಟಾಸ್ ಒಂದು ಸುತ್ತನ್ನು 53.377 ಸೆಕೆಂಡಿನಲ್ಲಿ ಮುಗಿಸಿದರು. ಗೆದ್ದವರು ಮಾತ್ರ ಅದೇ ಪೆರೆಜ್. ಮೊದಲ ಸುತ್ತಿನಲ್ಲಿ ಡಿಕ್ಕಿಯಾಗಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದರು. ಹಳೆಯ ಫೋರ್ಸ್ ಇಂಡಿಯಾವೇ ಹೆಸರು ಬದಲಿಸಿ ರೇಸಿಂಗ್ ಪಾಯಿಂಟ್ ಆಗಿತ್ತು. 190ನೇ ರೇಸ್‌ನಲ್ಲಿ ಅವರಿಗೆ ಅದು ಮೊದಲ ಗೆಲುವು.

ಇಲ್ಲಿನ ರೇಸ್ ಟಿವಿಯಲ್ಲಿ ನೋಡುವುದಾದರೆ ಮೊದಲ ಅಭ್ಯಾಸದಿಂದಲೇ ನೋಡಿ. ಬಿಸಿಲಿರುವಾಗಲೇ ಮೊದಲ ಕಾರು ಹೊರಡುತ್ತದೆ. ಅದರ ಹಿಂದೆ ತೆಳುವಾದ ದೂಳು ಏಳುತ್ತದೆ. ಇಪ್ಪತ್ತು, ಮೂವತ್ತು ಸುತ್ತು ಆಗುವ ಹೊತ್ತಿಗೆ ಬೂದು ರಸ್ತೆಯ ಮೇಲೆ ಕಪ್ಪು ರಬ್ಬರಿನ ಪಟ್ಟೆಯೊಂದು ಮೂಡಿರುತ್ತದೆ, ತಿರುವಿನಲ್ಲಿ ಒಳಬದಿಗೆ ಬಾಗಿ ಮತ್ತೆ ಹೊರಗೆ ಸರಿಯುತ್ತಾ.