ಚಿಲಾಕೀಲೆಸ್ ಬಾಣಲೆಯ ಹಿಂದೆ ಒಂದು ಚಿಟಿಕೆ ಸುಣ್ಣ

ನಿನ್ನೆ ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕಿ ತಿಂಡಿ ಮುಗಿಸುವುದು ನಮಗೆ ಹೊಸದಲ್ಲ. ಮೆಕ್ಸಿಕೋದವರೂ ಅದನ್ನೇ ಮಾಡುತ್ತಾರೆ, ಅದರ ಹೆಸರು ಚಿಲಾಕೀಲೆಸ್. ಉಳಿದ ಟೋರ್ಟಿಯಾಗಳನ್ನು, ಅಂದರೆ ಅಲ್ಲಿನ ತೆಳು ರೊಟ್ಟಿಗಳನ್ನು, ತ್ರಿಕೋನವಾಗಿ ಕತ್ತರಿಸಿ ಕರಿದು, ಕುದಿಯುವ ಸಾಲ್ಸಾ ಎಂಬ ಖಾರದ ಗೊಜ್ಜಿನಲ್ಲಿ ಹೊರಳಿಸಿ, ಮೇಲೆ ಈರುಳ್ಳಿ, ಪುಡಿ ಮಾಡಿದ ಚೀಸ್, ಬೇಕಾದವರಿಗೆ ಒಂದು ಮೊಟ್ಟೆ. ಸಾಲ್ಸಾ ಸಿದ್ಧವಿದ್ದರೆ ಹದಿನೈದು ನಿಮಿಷದ ಕೆಲಸ. ಭಾನುವಾರ ಹನ್ನೊಂದು ಗಂಟೆಗೆ, ತಿಂಡಿಯ ಹೊತ್ತು ಮೀರಿ ಊಟದ ಹೊತ್ತು ಇನ್ನೂ ಬಾರದಿರುವಾಗ ಆಗುವ ಹಸಿವಿಗೆ ಇದಕ್ಕಿಂತ ಒಳ್ಳೆಯ ತಿನಿಸು ನನಗೆ ಗೊತ್ತಿಲ್ಲ.

ಮೊದಲ ಸಲ ಮಾಡಿದಾಗ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು ಬಿಸಿನೀರಿನಲ್ಲಿ ನಾದಿದ್ದೆ. ತಟ್ಟುವಾಗಲೇ ಅಂಚು ಬಿರಿಯಿತು. ಹೇಗೋ ಬೇಯಿಸಿ, ಕರಿದು, ಸಾಲ್ಸಾಗೆ ಹಾಕಿದರೆ ಎರಡೇ ನಿಮಿಷಕ್ಕೆ ಎಲ್ಲವೂ ಅಂಬಲಿ. ಟೋರ್ಟಿಯಾ ಎಂದರೆ ಮೆಕ್ಕೆಜೋಳದ ರೊಟ್ಟಿ ತಾನೇ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡೆದು ನಿಲ್ಲಿಸುತ್ತೇನೆ. ಅಲ್ಲ. ಕಾಳಿಗೂ ಹಿಟ್ಟಿಗೂ ನಡುವೆ ಸುಣ್ಣವಿದೆ, ಎಲೆಗೆ ಸವರುತ್ತೇವಲ್ಲ, ಅದೇ ಸುಣ್ಣ.

ಒಣಗಿದ ಮೆಕ್ಕೆಜೋಳ ಒಂದು ಕಿಲೋಗೆ ಸುಮಾರು 10 ಗ್ರಾಂ ತಿನ್ನುವ ಸುಣ್ಣ. ನೀರಿನಲ್ಲಿ ಕಲಸಿ, ಕಾಳು ಹಾಕಿ, ಅರ್ಧ ಗಂಟೆ ಬೇಯಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಡಬೇಕು. ಸುಣ್ಣ ಬಿದ್ದ ಕೂಡಲೇ ತೆಳು ಹಳದಿ ಕಾಳು ಅರಿಸಿನದ ಬಣ್ಣಕ್ಕೆ ತಿರುಗುತ್ತದೆ. ಹೊಸದಾಗಿ ಸಾರಿಸಿದ ಗೋಡೆಗೆ ಮಳೆಹನಿ ಬಿದ್ದಾಗ ಬರುವಂಥ ವಾಸನೆ ಏಳುತ್ತದೆ. ಬೆಳಿಗ್ಗೆ ಎರಡು ಬೆರಳ ನಡುವೆ ಒಂದು ಕಾಳನ್ನು ಉಜ್ಜಿ ನೋಡಿ: ನೆನೆದ ಬಾದಾಮಿಯ ಸಿಪ್ಪೆಯಂತೆ ಹೊರಪದರ ಜಾರಿಕೊಂಡು ಬರುತ್ತದೆ. ಈ ಕಾಳಿಗೆ ಅಲ್ಲಿ ನಿಷ್ಟಮಾಲ್ ಎನ್ನುತ್ತಾರೆ. ಆಸ್ಟೆಕ್ ಜನರ ನಾವಾಟ್ಲ್ ಭಾಷೆಯಲ್ಲಿ ನೆಷ್ಟ್ಲಿ ಎಂದರೆ ಬೂದಿ. ಸುಣ್ಣವಿಲ್ಲದ ಕಡೆ ಒಲೆಯ ಬೂದಿಯೇ ಈ ಕೆಲಸ ಮಾಡುತ್ತಿತ್ತು.

ಒಳಗೆ ನಡೆಯುವುದೇನು? ಕಾಳಿನ ಸಿಪ್ಪೆಯನ್ನು ಹಿಡಿದಿಟ್ಟಿರುವುದು ಹೆಮಿಸೆಲ್ಯುಲೋಸ್ ಎಂಬ ಅಂಟು. ಇಟ್ಟಿಗೆಗಳ ನಡುವಿನ ಗಾರೆ ಎನ್ನಿ. ಸುಣ್ಣದ ನೀರಿನ ಕ್ಷಾರ ಆ ಗಾರೆಯನ್ನು ಕರಗಿಸುತ್ತದೆ, ಗೋಡೆ ಸಡಿಲಾಗುತ್ತದೆ. ಆದರೆ ಸುಣ್ಣದಲ್ಲಿ ಕ್ಯಾಲ್ಸಿಯಂ ಕೂಡ ಇದೆ. ಒಂದು ಕೈಯಲ್ಲಿ ಕೆಡವುತ್ತ ಇನ್ನೊಂದು ಕೈಯಲ್ಲಿ ಕಟ್ಟುವ ಮೇಸ್ತ್ರಿಯಂತೆ, ಅದು ಉಳಿದ ಪೆಕ್ಟಿನ್ ಎಂಬ ಇನ್ನೊಂದು ಅಂಟಿನ ಎಳೆಗಳ ನಡುವೆ ಸೇತುವೆ ಹಾಕುತ್ತದೆ. ಗೋಧಿ ಹಿಟ್ಟನ್ನು ಜಿಗುಟಾಗಿಸುವ ಗ್ಲುಟೆನ್ ಮೆಕ್ಕೆಜೋಳದಲ್ಲಿ ಇಲ್ಲ. ಬಿಡಿ ಹೂಗಳನ್ನು ನಾರು ಹಿಡಿದಂತೆ ಹಿಟ್ಟನ್ನು ಹಿಡಿಯುವುದು ಈ ಕ್ಯಾಲ್ಸಿಯಂ ಸೇತುವೆಗಳು, ಕರಗಿ ಹೊರಬಂದ ಅಂಟು ಮತ್ತು ಅರೆಬೆಂದ ಪಿಷ್ಟ. ನನ್ನ ಮೊದಲ ರೊಟ್ಟಿ ಬಿರಿದದ್ದು, ಕರಗಿದ್ದು ಇವು ಇಲ್ಲದ್ದಕ್ಕೆ.

ಮೂರನೆಯ ಕೆಲಸ ಕಣ್ಣಿಗೆ ಕಾಣುವುದಿಲ್ಲ, ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಅದೇ. ಮೆಕ್ಕೆಜೋಳದಲ್ಲಿ ನಯಾಸಿನ್, ಅಂದರೆ ಬಿ3 ವಿಟಮಿನ್ ಇದೆ. ಆದರೆ ಬಹುಪಾಲು ಬೇರೆ ಅಣುಗಳಿಗೆ ಬಿಗಿಯಾಗಿ ಅಂಟಿಕೊಂಡಿದೆ. ಕೊಡದಲ್ಲಿ ನೀರಿದ್ದೂ ಬಾಯಿಗೆ ಮೊಹರು ಹಾಕಿದಂತೆ. ನಮ್ಮ ಕರುಳಿಗೆ ಆ ಮೊಹರು ಒಡೆಯಲು ಬಾರದು, ಸುಣ್ಣ ಒಡೆಯುತ್ತದೆ.

ಸ್ಪೇನಿನವರು ಕಾಳನ್ನು ಯೂರೋಪಿಗೆ ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. 1735ರಲ್ಲಿ ಸ್ಪೇನಿನ ಆಸ್ಟೂರಿಯಸ್‌ನಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯ ಬಡ ರೈತರ ಕತ್ತಿನ ಸುತ್ತ ಹಾರದಂತೆ ಕೆಂಪಗೆ ಸುಟ್ಟ ಚರ್ಮವನ್ನು ಕಂಡು ಬರೆದಿಟ್ಟ. 1771ರಲ್ಲಿ ಇಟಲಿಯ ವೈದ್ಯ ಫ್ರಾಪೊಲ್ಲಿ ಅದನ್ನು ಪೆಲ್ಲಾಗ್ರ, ಒರಟು ಚರ್ಮ, ಎಂದು ಕರೆದ. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಕೆಟ್ಟ ಕಾಳಿನ ವಿಷ ಎಂದರು, ಅಂಟುರೋಗ ಎಂದರು, ವಂಶದ ದೋಷ ಎಂದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಬಡವರು ಸತ್ತರು. 1914ರಲ್ಲಿ ಸರ್ಕಾರ ಕಳಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಆಸ್ಪತ್ರೆಗಳಲ್ಲಿ ಗಮನಿಸಿದ್ದು ಇಷ್ಟೇ: ರೋಗಿಗಳಿಗೆ ಪೆಲ್ಲಾಗ್ರ ಬರುತ್ತಿದೆ, ಆರೈಕೆ ಮಾಡುವವರಿಗೆ ಬರುತ್ತಿಲ್ಲ. ಹಾಗಾದರೆ ಕ್ರಿಮಿ ಅಲ್ಲ, ಊಟ. ನಂಬದವರಿಗಾಗಿ 1916ರಲ್ಲಿ ಆತ ರೋಗಿಗಳ ರಕ್ತವನ್ನು ತನಗೂ ಹೆಂಡತಿಗೂ ಚುಚ್ಚಿಸಿದ. ಇಬ್ಬರಿಗೂ ಏನೂ ಆಗಲಿಲ್ಲ. ಆತ ತೀರಿಕೊಂಡದ್ದು 1929ರಲ್ಲಿ. ಕೊರತೆ ನಯಾಸಿನ್‌ನದು ಎಂಬ ಉತ್ತರ ಅಮೆರಿಕದ ಜೀವರಸಾಯನ ವಿಜ್ಞಾನಿ ಕಾನ್ರಾಡ್ ಎಲ್ವೆಜೆಮ್ ಅವರಿಂದ ಬಂದದ್ದು 1937ರಲ್ಲಿ.

ಇದೇ ರೋಗ ನಮ್ಮ ದಖ್ಖನಿನಲ್ಲೂ ಇತ್ತು, ಜೋಳವನ್ನೇ ನಂಬಿದ್ದ ಬಡವರಲ್ಲಿ. 1960ರಲ್ಲಿ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದು ಎಂಬ ವಾದ ಮುಂದಿಟ್ಟರು. ಆ ವಾದದ ಮೇಲೆ ಚರ್ಚೆ ನಡೆದೇ ಇದೆ. ರೊಟ್ಟಿಯ ಜೊತೆ ಬೇಳೆ, ಶೇಂಗಾ ಚಟ್ನಿ ಇದ್ದ ಮನೆಗೆ ಈ ಭಯವಿಲ್ಲ.

ಇಷ್ಟು ಹೇಳಿದರೆ ಕೆಲವರು ತಕ್ಷಣ ಹಿಗ್ಗುತ್ತಾರೆ: ನೋಡಿದಿರಾ, ಹಿಂದಿನವರಿಗೆ ವಿಟಮಿನ್ ಗೊತ್ತಿತ್ತು! ಈ ಮಾತು ನನಗೆ ಆತಂಕ ತರುತ್ತದೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಮಧ್ಯ ಅಮೆರಿಕದಲ್ಲಿ ಕಾಳಿಗೆ ಸುಣ್ಣ ಹಾಕಿದವರಿಗೆ ಸಿಪ್ಪೆ ಬಿಡುವುದು, ಬೀಸುವ ಕೈಗೆ ಹಗುರಾಗುವುದು, ರೊಟ್ಟಿ ಒಡೆಯದಿರುವುದು ಗೊತ್ತಾಗಿರಬೇಕು. ಆ ನೋಟವೇ ಸಾಕಷ್ಟು ದೊಡ್ಡದು, ಅದಕ್ಕೆ ಇಲ್ಲದ ಕಿರೀಟ ತೊಡಿಸಬೇಕಿಲ್ಲ. ಹಾಗೆ ತೊಡಿಸಿದರೆ ಗೋಲ್ಡ್‌ಬರ್ಗರ್ ಮಾಡಿದ ಪರೀಕ್ಷೆಯ ಬೆಲೆಯೇ ಹೋಗುತ್ತದೆ.

ಬಾಣಲೆಗೆ ಬರೋಣ. ಟೋರ್ಟಿಯಾ ನಿನ್ನೆಯದೇ ಇರಲಿ. ಬೆಂದ ಪಿಷ್ಟ ರಾತ್ರಿಯಲ್ಲಿ ಮತ್ತೆ ಗಟ್ಟಿಯಾಗಿ, ನೀರೂ ಕಡಿಮೆಯಾಗಿರುತ್ತದೆ, ಬೇಗ ಗರಿಯಾಗುತ್ತದೆ. ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಲಿ. ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಿರುವ ತನಕ ಎಣ್ಣೆಗೆ ಒಳಗೆ ಜಾಗವಿಲ್ಲ. ಗುಳ್ಳೆ ನಿಲ್ಲುತ್ತ ಬಂದಾಗ ತೆಗೆದು, ತಣಿಯುವ ಮೊದಲೇ ಎಣ್ಣೆ ಬಸಿಯಿರಿ, ತಣಿದಂತೆ ತುಂಡು ಎಣ್ಣೆ ಹೀರುತ್ತದೆ. ಹಸಿರು ಸಾಲ್ಸಾಗೆ ಬೇಕಾದ ಟೊಮಾಟಿಲ್ಲೊ, ನಮ್ಮ ಬದುಗಳಲ್ಲಿ ಬೆಳೆಯುವ ಗುಪ್ಪಟೆ ಹಣ್ಣಿನ ಬಳಗದ್ದು, ಇಲ್ಲಿ ಸುಲಭಕ್ಕೆ ಸಿಗದು. ನಾನು ಟೊಮೆಟೊ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಸುಟ್ಟು ರುಬ್ಬಿ ಕೆಂಪು ಸಾಲ್ಸಾ ಮಾಡುತ್ತೇನೆ. ಅದು ಕುದಿಯುವಾಗ ತುಂಡುಗಳನ್ನು ಹಾಕಿ ಅರ್ಧ ನಿಮಿಷ ಹೊರಳಿಸಿ ಇಳಿಸಿಬಿಡಿ. ಅಂಚು ಮೆತ್ತಗಾಗಿರಬೇಕು, ನಡುವೆ ಹಲ್ಲಿಗೆ ಕಟುಮ್ ಎನ್ನಬೇಕು. ಬಡಿಸಿದ ಮೇಲೆ ಯಾರನ್ನೂ ಕಾಯಬೇಡಿ.