ಮುಧೋಳ ನಾಯಿಯ ಮ್ಯಾಕೆಟ್: ತಂತಿ ಎಲ್ಲೆಲ್ಲಿ ಬಗ್ಗಬೇಕು?

ಪಾತ್ರ ವಿನ್ಯಾಸಕ್ಕೆ ಪ್ರಾಣಿಯ ಮ್ಯಾಕೆಟ್, ಅಂದರೆ ಸಣ್ಣ ಮಾದರಿ ಗೊಂಬೆ, ಮಾಡಲು ಹೊರಟವರಿಗೆ ಮುಧೋಳ ನಾಯಿ ಒಳ್ಳೆಯ ಶುರುವಾತು. ಗಿಡ್ಡ ಕೂದಲು, ಒಣಕಲು ಮೈ, ಉದ್ದ ಕಾಲು. ಕೀಲುಗಳೆಲ್ಲ ಎದ್ದು ಕಾಣುತ್ತವೆ.

ಬೇಕಾಗುವುದು ಅಲ್ಯೂಮಿನಿಯಂ ತಂತಿ, ಫಾಯಿಲ್, ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪಾಲಿಮರ್ ಕ್ಲೇ. ಮಾದರಿ ಎಷ್ಟು ದೊಡ್ಡದೋ ಅಷ್ಟೇ ಅಳತೆಗೆ ಪಕ್ಕನೋಟ ಬರೆದುಕೊಳ್ಳಿ. ತಂತಿಯನ್ನು ಅದರ ಮೇಲಿಟ್ಟು ಬಗ್ಗಿಸಿ.

ಎಲ್ಲಿ ಬಗ್ಗಿಸಬೇಕು ಅನ್ನುವುದೇ ಕಷ್ಟ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಒಂದು ಗಂಟು ಕಾಣುತ್ತದೆ ಅಲ್ವಾ? ಅದು ಮಂಡಿಯಲ್ಲ, ಹಿಮ್ಮಡಿ. ನಾಯಿ ಬೆರಳುಗಳ ಮೇಲೆ ನಿಲ್ಲುವ ಪ್ರಾಣಿ, ಹಾಗಾಗಿ ಹಿಮ್ಮಡಿ ಮೇಲೆಯೇ ಇರುತ್ತದೆ. ನಿಜವಾದ ಮಂಡಿ ಹೊಟ್ಟೆಯ ಪಕ್ಕದಲ್ಲಿದೆ, ನಮ್ಮದರ ಹಾಗೆಯೇ ಮುಂದಕ್ಕೆ ಬಗ್ಗುತ್ತದೆ. ನಂಬಿಕೆ ಬರದಿದ್ದರೆ ತುದಿಗಾಲಲ್ಲಿ ನಿಂತು, ಮಂಡಿ ಸ್ವಲ್ಪ ಬಗ್ಗಿಸಿ, ಕನ್ನಡಿಯಲ್ಲಿ ಪಕ್ಕದಿಂದ ನೋಡಿಕೊಳ್ಳಿ.

ಇಷ್ಟು ತಿಳಿದ ಮೇಲೂ ಮುಂಗಾಲು ನನಗೆ ಕೂಡಿಬರಲಿಲ್ಲ. ಮೊಣಕೈಯಿಂದ ಕೆಳಗೆ ನೋಡುತ್ತಿದ್ದರೆ ಅದು ಸುಮ್ನೆ ಒಂದು ನೆಟ್ಟನೆಯ ಕಂಬ. ಆದರೆ ಕಾಲು ಅಲ್ಲಿಂದ ಶುರುವಾಗುವುದಿಲ್ಲ, ಬೆನ್ನಿನ ಹತ್ತಿರ ಹೆಗಲಿನ ಚಪ್ಪಟೆ ಮೂಳೆಯಿಂದ ಶುರುವಾಗುತ್ತದೆ. ಅದನ್ನೂ ಲೆಕ್ಕಕ್ಕೆ ತಗೊಂಡರೆ ಎರಡೂ ಕಾಲು ಒಂದೇ ದಾರಿ ಹಿಡಿಯುತ್ತವೆ: ಮುಂದೆ, ಹಿಂದೆ, ನೆಟ್ಟಗೆ.

ಹಿಂಗಾಲಿನಲ್ಲಿ ತೊಡೆ ಮುಂದಕ್ಕೆ ಇಳಿಯುತ್ತದೆ, ಮಂಡಿಯಿಂದ ಹಿಮ್ಮಡಿಯವರೆಗೆ ಹಿಂದಕ್ಕೆ, ಅಲ್ಲಿಂದ ನೆಲದ ಕಡೆಗೆ ನೆಟ್ಟಗೆ. ಮುಂಗಾಲಿನಲ್ಲಿ ಹೆಗಲ ಮೂಳೆ ಮುಂದಕ್ಕೆ ಇಳಿಯುತ್ತದೆ, ತೋಳಿನ ಮೂಳೆ ಹಿಂದಕ್ಕೆ ಮೊಣಕೈವರೆಗೆ, ಆಮೇಲೆ ನೆಟ್ಟಗೆ. ತಂತಿ ಬಗ್ಗಿಸುವಾಗ ಈ ಮೂರು ಮಾತನ್ನು ಬಾಯಲ್ಲೇ ಹೇಳಿಕೊಳ್ಳಿ. ನನ್ನ ಕೈಗೆ ಕಾಲು ಹತ್ತಿದ್ದು ಹಾಗೆಯೇ.

ಇನ್ನೊಂದು ವಿಷಯ. ನಾಯಿಗೆ ನಮ್ಮಂಥ ಕೊರಳ ಮೂಳೆ ಇಲ್ಲ. ಹೆಗಲ ಮೂಳೆಯನ್ನು ಎದೆಗೂಡಿಗೆ ಹಿಡಿದಿರುವುದು ಬರೀ ಸ್ನಾಯು. ಅದಕ್ಕೇ ಓಡುವಾಗ ಹೆಗಲು ಹಿಂದೆ ಮುಂದೆ ಜಾರುತ್ತದೆ. ಓಟದ ಭಂಗಿ ಮಾಡುವವರು ಮುಂಗಾಲಿನ ಜೊತೆಗೆ ಹೆಗಲನ್ನೂ ಸರಿಸಬೇಕು. ಕಾಲು ಮಾತ್ರ ಮುಂದಿಟ್ಟರೆ ಅದು ಅಂಟಿಸಿದ ಹಾಗೆ ಕಾಣುತ್ತದೆ.

ಎದೆಗೂಡಿಗೆ ಫಾಯಿಲ್ ಉಂಡೆಯನ್ನು ಗಟ್ಟಿಯಾಗಿ ಅದುಮಿ. ಕ್ಲೇ ತೆಳ್ಳಗೆ, ಒಂದೇ ಸಮ ಇರಬೇಕು. ಆಮೇಲೆ ಓವನ್‌ನಲ್ಲಿ ಬೇಯಿಸಿ: ಸೂಪರ್ ಸ್ಕಲ್ಪಿ ಅನ್ನುವ ಬ್ರ್ಯಾಂಡಿನ ಕ್ಲೇ ಆದರೆ 130 ಡಿಗ್ರಿ ಸೆಲ್ಸಿಯಸ್, 6 ಮಿ.ಮೀ. ದಪ್ಪಕ್ಕೆ 15 ನಿಮಿಷ.

ಪಾತ್ರಕ್ಕೆ ತಕ್ಕಂತೆ ಅಳತೆ ಎಷ್ಟು ಬೇಕಾದರೂ ಹಿಗ್ಗಿಸಿ, ಕುಗ್ಗಿಸಿ. ಓಟಗಾರ ನಾಯಿಗೆ ಹಿಮ್ಮಡಿಯಿಂದ ಕೆಳಗಿನ ಭಾಗ ಉದ್ದ ಮಾಡಬಹುದು, ಮರಿಗೆ ಗಿಡ್ಡ. ಕೀಲುಗಳ ಸಾಲು ಮಾತ್ರ ಬದಲಾಗಬಾರದು. ಕುದುರೆಗೂ ಇದೇ ಸಾಲು, ಅದು ಒಂದೇ ಬೆರಳಿನ ತುದಿಯಲ್ಲಿ ನಿಂತಿದೆ ಅಷ್ಟೇ. ಆನೆಯದೂ ಇದೇ, ಆದರೆ ಭಾರ ಹೊರಲು ಕಾಲು ಕಂಬದ ಹಾಗೆ ನೆಟ್ಟಗಾಗಿದೆ. ತೊಡೆಯ ಮೂಳೆ ಜಾಸ್ತಿ ಉದ್ದ, ಹಾಗಾಗಿ ಮಂಡಿ ತುಂಬಾ ಕೆಳಗೆ ಬರುತ್ತದೆ. ಆನೆ ಮಾಡುವವರು ತಂತಿಯಲ್ಲಿ ಮೊದಲು ಗುರುತು ಹಾಕಬೇಕಾದದ್ದು ಅಲ್ಲಿ.