ಕಾರ್ಟ್ರಿಜ್ ಎಂದರೆ ಯಂತ್ರದ ಉಳಿದರ್ಧ

ನಿಂಟೆಂಡೊದ ಹಳೆಯ ಎನ್‌ಇಎಸ್ ಕನ್ಸೋಲಿಗೆ ಹೊಚ್ಚಹೊಸ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ, ತೂರಿಸಿ ಗುಂಡಿ ಒತ್ತಿದಿರಿ. ಆಟ ಬರಲಿಲ್ಲ. ಮುಂಭಾಗದ ಕೆಂಪು ದೀಪ ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದೆ, ತೆರೆಯೂ ಅದರ ಜೊತೆಗೇ ಮಿಣುಕುತ್ತಿದೆ. ಆಟ ಬರೆದವರನ್ನು ಬೈಯುವ ಮೊದಲು ತುಸು ತಾಳಿ. ಅವರ ಪ್ರೋಗ್ರಾಮಿಗೆ ಸರದಿಯೇ ಇನ್ನೂ ಬಂದಿಲ್ಲ. ಕನ್ಸೋಲಿನೊಳಗೆ ಒಂದು ಕಾವಲು ಚಿಪ್ ಇದೆ, ಕಾರ್ಟ್ರಿಜ್‌ನೊಳಗೆ ಅದರ ಜೋಡಿ ಇರಬೇಕು. ಎರಡೂ ಒಂದೇ ತಾಳದಲ್ಲಿ ಸಂಕೇತ ಕೊಟ್ಟು ತೆಗೆದುಕೊಳ್ಳುತ್ತಿರಬೇಕು. ತಾಳ ತಪ್ಪಿದರೆ ಕಾವಲು ಚಿಪ್ ಇಡೀ ಯಂತ್ರವನ್ನು ರೀಸೆಟ್ ಮಾಡುತ್ತದೆ, ಮತ್ತೆ ಮತ್ತೆ.

ಕಾರಣ ಮೂರರಲ್ಲೊಂದು: ಸಂಪರ್ಕದ ಪಟ್ಟಿಗಳಲ್ಲಿ ಕೊಳೆ, ಕಾರ್ಟ್ರಿಜ್‌ನ ಜೋಡಿ ಚಿಪ್ ಸರಿಯಿಲ್ಲ, ಇಲ್ಲವೆ ಅದು ಬೇರೆ ಪ್ರದೇಶದ ಕನ್ಸೋಲಿಗಾಗಿ ಮಾಡಿದ್ದು. ಹತ್ತರಲ್ಲಿ ಒಂಬತ್ತು ಸಲ ಮೊದಲನೆಯದೇ ಎಂದುಕೊಂಡು ಹೊರಡುವುದು ಜಾಣತನ. ಪರವಾನಗಿ ಸಿಗದ ಕಂಪನಿಗಳು ಆ ಕಾಲದಲ್ಲಿ ಈ ಚಿಪ್ಪಿಗೆ ವೋಲ್ಟೇಜಿನ ಹೊಡೆತ ಕೊಟ್ಟು ಮೂರ್ಛೆ ಬೀಳಿಸುತ್ತಿದ್ದವು. ಇಂದಿನ ಕಾರ್ಟ್ರಿಜ್ ಬೋರ್ಡುಗಳು ಅಷ್ಟು ಒರಟಲ್ಲ. ಎಟಿಟೈನಿ13 ಥರದ ಎಂಟು ಕಾಲಿನ ಮೈಕ್ರೋಕಂಟ್ರೋಲರ್ ಜೋಡಿ ಚಿಪ್ಪಿನ ಮಾತನ್ನು ಚಾಚೂ ತಪ್ಪದೆ ಅನುಕರಿಸುತ್ತದೆ.

ಹಳೆಯ ಕನ್ಸೋಲುಗಳಿಗೆ ಇಂದಿನವರು ತಾವಾಗಿಯೇ ಬರೆಯುವ ಆಟಗಳಿಗೆ ಹೋಂಬ್ರೂ ಎಂಬ ಹೆಸರಿದೆ. ಅಟಾರಿ 2600 ಮಾರುಕಟ್ಟೆಗೆ ಬಂದದ್ದು 1977ರಲ್ಲಿ. ಕಂಪನಿ ಅದನ್ನು ಕೈಬಿಟ್ಟ ಮೇಲೆ, 1995ರಲ್ಲಿ ಎಡ್ ಫೆಡರ್ಮೇಯರ್ ‘ಎಡ್ಟ್ರಿಸ್ 2600’ ಬರೆದರು. ಅಲ್ಲಿಂದ ಈಚೆಗೆ ಹೊಸ ಆಟಗಳು ನಿಂತಿಲ್ಲ. 2010ರಲ್ಲಿ ಸೆಗಾ ಮೆಗಾ ಡ್ರೈವ್‌ಗೆ ಬಂದ ‘ಪಿಯರ್ ಸೋಲಾರ್’ 64 ಮೆಗಾಬಿಟ್‌ನ, ಅಂದರೆ 8 ಮೆಗಾಬೈಟಿನ, ಭಾರೀ ಕಾರ್ಟ್ರಿಜ್. 2019ರಲ್ಲಿ ಎನ್‌ಇಎಸ್‌ಗೆ ಬಂದ ‘ಮೈಕ್ರೋ ಮೇಜಸ್’ ಬರೀ 40 ಕಿಲೋಬೈಟ್. ನಾಲ್ಕು ಜನ ಒಟ್ಟಿಗೆ ಆಡುವ ಆಟ ಅದು. ಫೋನಿನಲ್ಲಿ ತೆಗೆದ ಒಂದು ಫೋಟೊ ಅದರ ಹತ್ತಾರು ಪಟ್ಟು ದೊಡ್ಡದಿರುತ್ತದೆ. ಚಿತ್ರಗಳ ಅರ್ಧವನ್ನಷ್ಟೇ ಇಟ್ಟುಕೊಂಡು ಉಳಿದರ್ಧವನ್ನು ಕನ್ನಡಿಯಂತೆ ಮಗುಚಿ ತೋರಿಸುವಂಥ ಜುಗ್ಗತನದಿಂದ ಅದು ಸಾಧ್ಯವಾಯಿತು.

ಜುಗ್ಗತನ ಯಾಕೆ ಬೇಕು ಎನ್ನುವುದಕ್ಕೆ ಅಟಾರಿಯನ್ನೇ ನೋಡಿ. ಅದರ ರ‍್ಯಾಮ್ (ಆಟ ಓಡುವಾಗ ಬಳಸುವ ನೆನಪು) ಒಟ್ಟು 128 ಬೈಟ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಇಂದಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಮೂರು ಬೈಟ್ ಬೇಕು. ಕಾಗುಣಿತ, ಒತ್ತುಗಳನ್ನೂ ಎಣಿಸಿದರೆ 42 ಚಿಹ್ನೆಗಳಿಗೇ ಆ ನೆನಪು ತುಂಬಿಹೋಗುತ್ತದೆ. ಒಂದು ಸಾಧಾರಣ ವಾಕ್ಯಕ್ಕೂ ಸಾಲದು. ಇನ್ನು ಇಡೀ ತೆರೆಯ ಚಿತ್ರವನ್ನು ಇಡುವುದೆಲ್ಲಿ? ಹಾಗಾಗಿ ಪ್ರೋಗ್ರಾಮು ಟಿವಿಯ ಕಿರಣದ ಜೊತೆಗೇ ಓಡುತ್ತ ಒಂದೊಂದೇ ಸಾಲನ್ನು ಆಗಿಂದಾಗ್ಗೆ ಬರೆಯುತ್ತದೆ. ಒಂದು ಸಾಲಿಗೆ ಪ್ರೊಸೆಸರ್‌ಗೆ ಸಿಗುವುದು 76 ಗಡಿಯಾರ ಬಡಿತ. 77ನೆಯದು ಬೇಕಾಯಿತೆಂದರೆ ಚಿತ್ರ ಹರಿಯಿತು.

ಎನ್‌ಇಎಸ್ ಇದಕ್ಕಿಂತ ಉದಾರಿ, ಆದರೆ ಅದರ ಉದಾರತೆಗೂ ಲೆಕ್ಕವಿದೆ. ಚಿತ್ರದ ಚಿಪ್ ತೆರೆಯನ್ನು ಬಿಡಿಸುತ್ತಿರುವಾಗ ಅದರ ನೆನಪನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಚಿತ್ರ ಕಲಸಿಹೋಗುತ್ತದೆ. ಕೆಳಗಿನ ಸಾಲು ಮುಗಿದು ಮೇಲಿನ ಸಾಲು ಶುರುವಾಗುವ ನಡುವಿನ ಬಿಡುವಿನಲ್ಲೇ ಎಲ್ಲ ಬದಲಾವಣೆ ಆಗಬೇಕು. 60 ಹರ್ಟ್ಜ್ ಯಂತ್ರದಲ್ಲಿ ಒಂದು ಚೌಕಟ್ಟಿಗೆ, ಅಂದರೆ ತೆರೆಯನ್ನು ಒಮ್ಮೆ ಪೂರ್ತಿ ಬಿಡಿಸಲು, ಸುಮಾರು 29,780 ಬಡಿತ. ಅದರಲ್ಲಿ ಈ ಬಿಡುವಿನ ಪಾಲು ಸುಮಾರು 2,270. ಓಡಾಡುವ ಗೊಂಬೆಗಳ, ಅಂದರೆ ಸ್ಪ್ರೈಟುಗಳ ಪಟ್ಟಿಯನ್ನು ನಕಲಿಸಲು 513 ಹೋಯಿತು. ಉಳಿದದ್ದು 1,760ರ ಆಸುಪಾಸು. ಸಾಮಾನ್ಯ ವಿಧಾನದಲ್ಲಿ ಒಂದು ಬೈಟ್ ಕಳಿಸಲು 8 ಬಡಿತ ಹಿಡಿದರೆ ಒಂದು ಬಿಡುವಿನಲ್ಲಿ 220 ಬೈಟ್. ಇಡೀ ತೆರೆಯ ಹಿನ್ನೆಲೆಗೆ 1,024 ಬೈಟ್ ಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ತೆರೆ ಕ್ಷಣಕಾಲ ಕಪ್ಪಾಗುವುದರ ಗುಟ್ಟು ಇದೇ. ಚಿತ್ರವನ್ನು ಪೂರ್ತಿ ಆರಿಸಿ, ನೆಮ್ಮದಿಯಿಂದ ಬರೆದು, ಮತ್ತೆ ಹೊತ್ತಿಸುತ್ತಾರೆ.

ಗೊಂಬೆಗಳು ಮಿಣುಕುವುದಕ್ಕೂ ಹೀಗೇ ಒಂದು ಲೆಕ್ಕ. ಒಟ್ಟು 64 ಸ್ಪ್ರೈಟ್ ಇಡಬಹುದು, ಆದರೆ ಒಂದು ಸಾಲಿನಲ್ಲಿ ಎಂಟೇ ಕಾಣುತ್ತವೆ. 16 ಪಿಕ್ಸೆಲ್ ಅಗಲದ ನಾಲ್ಕು ಪಾತ್ರಗಳು ಒಂದೇ ನೆಲದ ಮೇಲೆ ನಿಂತರೆ ಎಂಟೂ ಮುಗಿಯಿತು. ಆಗ ಹಾರಿಬಂದ ಗುಂಡು ಕಾಣಿಸುವುದೇ ಇಲ್ಲ. ಯಾವುದೋ ಒಂದು ಪೂರ್ತಿ ಮಾಯವಾಗುವ ಬದಲು ಎಲ್ಲವೂ ಸರದಿಯಂತೆ ಮಾಯವಾಗಲಿ ಎಂದು ಪ್ರತಿ ಚೌಕಟ್ಟಿನಲ್ಲೂ ಪಟ್ಟಿಯ ಕ್ರಮ ಬದಲಿಸುತ್ತಾರೆ. ಹೊಸ ಆಟದಲ್ಲಿ ಮಿಣುಕು ಕಂಡರೆ ಅದು ಕೊರತೆಯಲ್ಲ, ನ್ಯಾಯವಾಗಿ ಹಂಚಿದ್ದಾರೆ ಎಂದು ತಿಳಿಯಿರಿ.

ಇಂಥ ಆಟವನ್ನು ಮೊದಲು ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಮಿನಲ್ಲಿ, ಆಡಿ ನೋಡುವುದು ರೂಢಿ. ಎನ್‌ಇಎಸ್‌ಗೆ ಮೆಸೆನ್, ಅಟಾರಿಗೆ ಸ್ಟೆಲ್ಲಾ, ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ ಗೇಮ್ ಬಾಯ್‌ಗೆ ಸೇಮ್‌ಬಾಯ್ ನಂಬಬಹುದಾದವು. ಆದರೆ ಎಮ್ಯುಲೇಟರ್ ಕೈಸಡಿಲಿನ ಪರೀಕ್ಷಕ. ನಿಜವಾದ ಯಂತ್ರಕ್ಕೆ ಕರೆಂಟ್ ಕೊಟ್ಟಾಗ ರ‍್ಯಾಮಿನಲ್ಲಿ ಏನು ಬೇಕಾದರೂ ಇರಬಹುದು. ಹಲವು ಎಮ್ಯುಲೇಟರುಗಳು ಅದನ್ನು ಸೊನ್ನೆಯಿಂದ ತುಂಬಿ ಕೊಡುತ್ತವೆ. ಸ್ಕೋರನ್ನು ಸೊನ್ನೆ ಮಾಡಲು ಮರೆತ ಪ್ರೋಗ್ರಾಮು ಅಲ್ಲಿ ಪಾಸಾಗಿ, ಕಾರ್ಟ್ರಿಜ್‌ಗೆ ಬಂದಾಗ ನಾಲ್ಕು ಸಲಕ್ಕೊಮ್ಮೆ ಕೈಕೊಡುತ್ತದೆ. ಮೆಸೆನ್‌ನಲ್ಲಿ ರ‍್ಯಾಮನ್ನು ಅಡ್ಡಾದಿಡ್ಡಿ ತುಂಬುವ ಆಯ್ಕೆಯಿದೆ. ಅದನ್ನು ಹಾಕಿಯೇ ಪರೀಕ್ಷಿಸಬೇಕು.

ಇನ್ನೊಂದು ತಮಾಷೆಯ ದೋಷವಿದೆ. ಆಟಗಾರ ಮುಟ್ಟದಿದ್ದರೂ ನಾಯಕ ಒಮ್ಮೊಮ್ಮೆ ತಾನಾಗಿ ಬಲಕ್ಕೆ ಜಗ್ಗುತ್ತಾನೆ. ನಿಯಂತ್ರಕದ ಎಂಟು ಗುಂಡಿಗಳನ್ನು ಯಂತ್ರ ಒಂದಾದ ಮೇಲೊಂದರಂತೆ ಓದುತ್ತದೆ; ಕೊನೆಯದು ‘ಬಲ’. ಅದೇ ಹೊತ್ತಿಗೆ ಧ್ವನಿ ವಿಭಾಗ ರೆಕಾರ್ಡಾದ ದನಿಯ ತುಣುಕೊಂದನ್ನು ತರಲು ಪ್ರೊಸೆಸರನ್ನು ತಡೆದರೆ ನಡುವೆ ಒಂದು ಗುಂಡಿಯ ಓದು ಕಳೆದುಹೋಗುತ್ತದೆ. ಉಳಿದವೆಲ್ಲ ಒಂದು ಸ್ಥಾನ ಮುಂದಕ್ಕೆ ಸರಿದು, ಖಾಲಿಯಾದ ಕೊನೆಯ ಜಾಗದಲ್ಲಿ ‘ಒತ್ತಿದೆ’ ಎಂಬ ಉತ್ತರ ಬರುತ್ತದೆ. ಮದ್ದು ಸರಳ: ಎರಡು ಸಲ ಓದಿ, ಉತ್ತರ ಹೊಂದುವವರೆಗೆ ಮತ್ತೆ ಓದುವುದು. ಪಾಲ್ ಎಂಬ ಟಿವಿ ಪದ್ಧತಿಗೆ ಮಾಡಿದ 50 ಹರ್ಟ್ಜ್ ಯಂತ್ರದಲ್ಲಿ ಈ ದೋಷವೇ ಇಲ್ಲ. ಹಾಗಾಗಿ ಅದರಲ್ಲಷ್ಟೇ ಪರೀಕ್ಷಿಸಿದವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಪಾಲ್‌ನಲ್ಲಿ ಬಿಡುವೂ ಮೂರು ಪಟ್ಟಿಗಿಂತ ಹೆಚ್ಚು ಉದ್ದ. ಅಲ್ಲಿ ಹಾಯಾಗಿ ಓಡಿದ ಆಟ 60 ಹರ್ಟ್ಜ್ ಯಂತ್ರಕ್ಕೆ ಬಂದರೆ ತೆರೆಯ ಮೇಲ್ತುದಿಯಲ್ಲಿ ಕಸ ಕುಣಿಯಬಹುದು.

ಸ್ವಂತ ಕಾರ್ಟ್ರಿಜ್ ಮಾಡುವವರು ಎಡವುವ ಜಾಗಗಳು ಬೇರೆ. ಎನ್‌ಇಎಸ್‌ನ ಅತಿ ಸರಳ ಬೋರ್ಡಿನಲ್ಲಿ 32 ಕಿಲೋಬೈಟಿನ ಪ್ರೋಗ್ರಾಮು ಒಂದು ಚಿಪ್ಪಿನಲ್ಲಿ, 8 ಕಿಲೋಬೈಟಿನ ಚಿತ್ರಗಳು ಇನ್ನೊಂದರಲ್ಲಿ. ಚಿತ್ರದ ಚಿಪ್ ತನಗೆ ಬೇಕಾದದ್ದನ್ನು ಕಾರ್ಟ್ರಿಜ್‌ನಿಂದ ತಾನೇ ನೇರವಾಗಿ ಓದಿಕೊಳ್ಳುತ್ತದೆ, ಪ್ರೊಸೆಸರನ್ನು ಕೇಳುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯನ್ನು ತೂರಿಸಿದಾಗ ನೀವು ಪುಸ್ತಕ ಸೇರಿಸುತ್ತಿಲ್ಲ, ಅರ್ಧಕ್ಕೆ ನಿಂತ ವಿದ್ಯುತ್ ಮಂಡಲವನ್ನು ಪೂರ್ತಿ ಮಾಡುತ್ತಿದ್ದೀರಿ. 72 ಸಂಪರ್ಕಗಳು ಬೇಕಾದದ್ದು ಅದಕ್ಕೇ.

ಇಂಥ ಬೋರ್ಡಿಗಾಗಿ ಕಂಪ್ಯೂಟರಿನಲ್ಲಿರುವ ಆಟದ ಫೈಲ್ 40,976 ಬೈಟ್ ಇರುತ್ತದೆ. 40 ಕಿಲೋಬೈಟಿಗೆ 16 ಬೈಟ್ ಹೆಚ್ಚು. ಆ 16 ಬೈಟಿನ ತಲೆಬರಹ ಎಮ್ಯುಲೇಟರಿನ ಅನುಕೂಲಕ್ಕೆ ಇರುವಂಥದ್ದು. ಅದನ್ನು ಕತ್ತರಿಸಿ, ಮುಂದಿನ 32,768 ಬೈಟನ್ನು ಪ್ರೋಗ್ರಾಮಿನ ಚಿಪ್ಪಿಗೂ ಕೊನೆಯ 8,192 ಬೈಟನ್ನು ಚಿತ್ರದ ಚಿಪ್ಪಿಗೂ ಬರೆಯಬೇಕು. ಕತ್ತರಿಸದಿದ್ದರೆ ಎಲ್ಲವೂ 16 ಮನೆ ಸರಿದು, ಎಲ್ಲಿಂದ ಶುರು ಮಾಡಬೇಕೆಂಬ ವಿಳಾಸವೇ ಪ್ರೊಸೆಸರ್‌ಗೆ ತಪ್ಪಾಗಿ ಸಿಗುತ್ತದೆ. ಇಂದು ಸುಲಭವಾಗಿ ಸಿಗುವ 39ಎಸ್‌ಎಫ್040 ಫ್ಲ್ಯಾಶ್ ಚಿಪ್ 512 ಕಿಲೋಬೈಟಿನದು. ಅದರ ಬುಡದಲ್ಲಿ ಪ್ರೋಗ್ರಾಮನ್ನು ಒಂದೇ ಸಲ ಬರೆದು, ಬೋರ್ಡಿನಲ್ಲಿ ಮೇಲಿನ ವಿಳಾಸ ತಂತಿಗಳನ್ನು 5 ವೋಲ್ಟಿಗೆ ಕಟ್ಟಿದ್ದರೆ ಯಂತ್ರಕ್ಕೆ ಸಿಗುವುದು ಖಾಲಿ ಜಾಗ, ಕಾಣುವುದು ಬರೀ ಬೋಳು ತೆರೆ. ಪ್ರೋಗ್ರಾಮನ್ನು 16 ಸಲ, ಚಿತ್ರಗಳನ್ನು 64 ಸಲ ಪುನರಾವರ್ತಿಸಿ ಚಿಪ್ ತುಂಬಿಬಿಟ್ಟರೆ ಆ ತಂತಿಗಳು ಎತ್ತ ಕಟ್ಟಿದ್ದರೂ ನಡೆಯುತ್ತದೆ. ತೆರೆ ಅಡ್ಡ ಸರಿಯುವಾಗ ಅದೇ ದೃಶ್ಯ ಮತ್ತೆ ಬರುತ್ತಿದ್ದರೆ ಬೋರ್ಡಿನ ಜಂಪರ್, ಅಂದರೆ ಎರಡು ದಾರಿಗಳಲ್ಲಿ ಒಂದನ್ನು ಆರಿಸುವ ಬೆಸುಗೆಯ ಸೇತು, ತಪ್ಪು ಕಡೆ ಇದೆ. ಬಿಚ್ಚಿ ಇನ್ನೊಂದಕ್ಕೆ ಹಾಕಿದರಾಯಿತು.

ಸಂಗ್ರಹಕ್ಕೆ ಕೊಳ್ಳುವವರು ಪೆಟ್ಟಿಗೆ, ಕೈಪಿಡಿಯ ಅಂದ ನೋಡಿ ಮರುಳಾಗುವುದು ಸಹಜ. ನೋಡಬೇಕಾದದ್ದು ಒಳಗಿನ ಬೋರ್ಡು. 3.8 ಮಿಲಿಮೀಟರಿನ ವಿಶೇಷ ಸ್ಕ್ರೂಡ್ರೈವರ್ ಇದ್ದರೆ ಕಾರ್ಟ್ರಿಜ್ ತೆರೆಯಬಹುದು. ಎನ್‌ಇಎಸ್ ಬೋರ್ಡಿನ ದಪ್ಪ 1.2 ಮಿಲಿಮೀಟರ್ ಇರಬೇಕು. ಸಾಮಾನ್ಯವಾಗಿ ಎಲ್ಲ ಕಡೆ ತಯಾರಾಗುವ 1.6 ಮಿಲಿಮೀಟರಿನ ಬೋರ್ಡು ತುರುಕಿದರೆ ಸಾಕೆಟ್ಟಿನ ಪಿನ್ನುಗಳು ಹಿಗ್ಗಿ, ಆಮೇಲೆ ಹಳೆಯ ಅಸಲಿ ಆಟಗಳೂ ಸರಿಯಾಗಿ ಕೂರುವುದಿಲ್ಲ. ಗೇಮ್ ಬಾಯ್‌ನದು ಇನ್ನೂ ತೆಳು, 0.8. ಅಂಚನ್ನು ಇಳಿಜಾರಾಗಿ ಉಜ್ಜಿರಬೇಕು, ಪಟ್ಟಿಗಳು ಚಿನ್ನದ ಲೇಪದವಾಗಿರಬೇಕು. ಬೆಳ್ಳಗೆ ಕಾಣುವ ಬೆಸುಗೆ ಲೇಪ ಬೇಡ.

ಚಿಪ್ಪಿನ ಮೇಲಿನ ಅಂಕಿಗಳನ್ನೂ ಓದಿ. 29ಎಫ್, 39ಎಸ್‌ಎಫ್ ಎಂದಿದ್ದರೆ ಅದು 5 ವೋಲ್ಟಿನದು, ಹಳೆಯ ಕನ್ಸೋಲಿಗೆ ಒಗ್ಗುತ್ತದೆ. 29ಎಲ್‌ವಿ, 39ವಿಎಫ್ ಎಂದಿದ್ದರೆ ಸುಮಾರು 3 ವೋಲ್ಟಿನದು. ಪಕ್ಕದಲ್ಲಿ ವೋಲ್ಟೇಜ್ ಮಟ್ಟ ಬದಲಿಸುವ ಚಿಪ್ಪುಗಳು ಇರಲೇಬೇಕು. ಅವನ್ನು ಬಿಟ್ಟು ರೆಸಿಸ್ಟರ್, ಡಯೋಡುಗಳಲ್ಲಿ ಕೆಲಸ ಸಾಗಿಸಿದ ಅಗ್ಗದ ಬೋರ್ಡುಗಳಿವೆ. ಆಟ ಓಡುತ್ತದೆ, ನಿಜ. ಆದರೆ 5 ವೋಲ್ಟಿನ ಸಂಕೇತ ಫ್ಲ್ಯಾಶ್ ಚಿಪ್ಪಿನೊಳಕ್ಕೆ ನುಗ್ಗುತ್ತಲೇ ಇರುತ್ತದೆ. ಒತ್ತಡ ಅದರ ಮೇಲೂ ಇದೆ, ಎದುರಿಗಿರುವ, ಈಗ ಯಾರೂ ತಯಾರಿಸದ ಕನ್ಸೋಲ್ ಚಿಪ್ಪಿನ ಮೇಲೂ ಇದೆ. ಹಳೆಯ ಆಟದ ಕಾರ್ಟ್ರಿಜ್ ಬಗೆದು ಅದರ ಚಿಪ್ಪು ಕಿತ್ತು ಹೊಸ ಆಟ ತುಂಬುವ ಪದ್ಧತಿಯೂ ಇತ್ತು. ಹೊಸ ಬೋರ್ಡು, ಹೊಸ ಡಬ್ಬಿಗಳು ಸಿಗುತ್ತಿರುವಾಗ ಅದಕ್ಕೆ ಸಬೂಬು ಉಳಿದಿಲ್ಲ.

ಆಟದ ಪ್ರಗತಿ ಉಳಿಸುವ ಕಾರ್ಟ್ರಿಜ್ ಆಗಿದ್ದರೆ ಯಾವುದರಲ್ಲಿ ಉಳಿಸುತ್ತದೆ ಎಂದು ಕೇಳಿ. ಸಿಆರ್2032 ಬ್ಯಾಟರಿಯಾದರೆ ಅದು ಒಂದು ದಿನ ಮುಗಿಯುತ್ತದೆ, ಮುಗಿದಾಗ ಉಳಿಸಿದ್ದೆಲ್ಲ ಹೋಗುತ್ತದೆ. ಬ್ಯಾಟರಿಯ ಎನ್‌ಇಎಸ್ ಆಟ ಆರಿಸುವಾಗ ರೀಸೆಟ್ ಒತ್ತಿ ಹಿಡಿದೇ ಆರಿಸಬೇಕು. ಕರೆಂಟ್ ಇಳಿಯುವ ಕ್ಷಣದಲ್ಲಿ ದಿಕ್ಕುಗೆಟ್ಟ ಪ್ರೊಸೆಸರ್ ಸಿಕ್ಕಲ್ಲಿ ಗೀಚದಂತೆ ಅದು ತಡೆಯುತ್ತದೆ. ಫ್ಲ್ಯಾಶಿನಲ್ಲೇ ಉಳಿಸುವ ಹೊಸ ಬೋರ್ಡುಗಳಿಗೆ ಈ ಭಯ ಕಡಿಮೆ. ನಿಗದಿತ ಕ್ರಮದಲ್ಲಿ ಬೀಗ ತೆರೆಯದೆ ಫ್ಲ್ಯಾಶಿನಲ್ಲಿ ಬರೆಯಲು ಬರುವುದಿಲ್ಲ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಅಮೆರಿಕದ ಎನ್‌ಇಎಸ್‌ನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ; ಅದನ್ನು ಡಿಸಿ ಬಯಸುವ ಫ್ಯಾಮಿಕಾಮ್‌ಗೆ, ಅಂದರೆ ಎನ್‌ಇಎಸ್‌ನ ಜಪಾನಿ ರೂಪಕ್ಕೆ, ಚುಚ್ಚಿದರೆ ಯಂತ್ರ ಸುಟ್ಟೀತು. ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ, ನಡುವಿನ ಪಿನ್ ಋಣ. ಮೊದಲ ಮೆಗಾ ಡ್ರೈವ್‌ಗಳಿಗೂ ಡಿಸಿಯೇ, ಅಲ್ಲೂ ನಡುವಿನ ಪಿನ್ ಋಣ. ಟಿವಿ ಚಪ್ಪಟೆಯದಾದರೆ ಚಿತ್ರ ತಡವಾಗದಿರಲೆಂದು ಅದರ ಗೇಮ್ ಮೋಡ್ ಹಾಕಿಕೊಳ್ಳಿ. ತೆರೆಗೆ ಗುರಿಯಿಟ್ಟು ಹೊಡೆಯುವ ಹಳೆಯ ಬೆಳಕಿನ ಬಂದೂಕು ಬೇಡುವ ಆಟಕ್ಕಂತೂ ಗಾಜಿನ ಕೊಳವೆಯ ಟಿವಿಯೇ ಬೇಕು.

ಸಂಪರ್ಕ ಸ್ವಚ್ಛವಿದೆಯೇ ಎಂದು ಗೇಮ್ ಬಾಯ್ ತಾನೇ ಹೇಳಿಬಿಡುತ್ತದೆ. ಶುರುವಿನಲ್ಲಿ ಮೇಲಿಂದ ಇಳಿಯುವ ಲಾಂಛನ ಕಾರ್ಟ್ರಿಜ್‌ನಿಂದ ಓದಿದ 48 ಬೈಟ್. ಯಂತ್ರ ಅದನ್ನು ತನ್ನೊಳಗಿನ ಪ್ರತಿಯೊಂದಿಗೆ ಹೋಲಿಸಿ, ಒಂದು ಬಿಟ್ ಬೇರೆಯಾದರೂ ಅಲ್ಲೇ ನಿಲ್ಲುತ್ತದೆ. ಲಾಂಛನದ ಜಾಗದಲ್ಲಿ ಕಪ್ಪು ಪಟ್ಟಿ ಬಂದರೆ ಕಾರ್ಟ್ರಿಜ್‌ನಿಂದ ಏನೂ ಬರುತ್ತಿಲ್ಲ. ಚೂರುಚೂರಾಗಿ ಬಂದರೆ ಯಾವುದೋ ಒಂದೆರಡು ಪಟ್ಟಿಗಳಲ್ಲಿ ಕೊಳೆ. ಬಾಯಿಂದ ಊದಬೇಡಿ, ಉಗುಳಿನ ತೇವ ಲೋಹವನ್ನು ತಿನ್ನುತ್ತದೆ. 90 ಶೇಕಡಾ ಮೇಲ್ಪಟ್ಟ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ, ಪಟ್ಟಿಯ ಉದ್ದಕ್ಕೆ ಒರೆಸಿ, ಪೂರ್ತಿ ಒಣಗಲು ಬಿಡಿ.

ಕೊಂಡ ಕಾರ್ಟ್ರಿಜ್‌ನ ಪ್ರತಿಯನ್ನು ಓದುವ ಸಾಧನದಿಂದ ಎರಡು ಸಲ ತೆಗೆದಿಡುವುದು ಒಳ್ಳೆಯದು. ಎರಡರ ಸಿಆರ್‌ಸಿ32, ಅಂದರೆ ಫೈಲಿನ ಬೈಟುಗಳಿಂದ ಲೆಕ್ಕಹಾಕಿದ ತಾಳೆ ಸಂಖ್ಯೆ, ಒಂದೇ ಆಗಿದ್ದು, ಆಟ ಬರೆದವರು ಕೊಟ್ಟ ಫೈಲಿಗೆ ಹೊಂದದಿದ್ದರೆ ಮೊದಲು ಆ 16 ಬೈಟಿನ ತಲೆಬರಹವನ್ನು ಕತ್ತರಿಸಿ ಹೋಲಿಸಿ. ಆಗಲೂ ಬೇರೆಯಾದರೆ ಕಾರ್ಟ್ರಿಜ್‌ನಲ್ಲಿರುವುದು ಬೇರೆ ಆವೃತ್ತಿಯೇ ಎಂದು ವಿಚಾರಿಸಿ. ಎರಡು ಪ್ರತಿಗಳೇ ಒಂದಕ್ಕೊಂದು ಹೊಂದದಿದ್ದರೆ ಚಿಪ್ಪನ್ನು ದೂರಬೇಡಿ, ಹತ್ತಿಕಡ್ಡಿ ತನ್ನಿ.